ಮಿದುಳು ಶಸ್ತ್ರಚಿಕಿತ್ಸೆ: ನರ ಕಾಯುವ ವಿದ್ಯುತ್ತೇ ಸೆಳೆತ ತಂದರೆ?

ಮಿದುಳಿನ ಗೆಡ್ಡೆ ತೆಗೆಯುವಾಗ ಶಸ್ತ್ರವೈದ್ಯರನ್ನು ಕಾಡುವ ದೊಡ್ಡ ಆತಂಕವೆಂದರೆ, ಪಕ್ಕದಲ್ಲೇ ಇರುವ ಕೈಕಾಲು ಆಡಿಸುವ ಭಾಗಕ್ಕೆ ಪೆಟ್ಟಾಗುವುದು. ಗೆಡ್ಡೆ ಎಲ್ಲಿ ಮುಗಿಯಿತು, ಆರೋಗ್ಯವಂತ ಮಿದುಳು ಎಲ್ಲಿ ಆರಂಭವಾಯಿತು ಎಂಬುದು ಎಷ್ಟೋ ವೇಳೆ ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದಲೇ ಅಲ್ಪ ವಿದ್ಯುತ್ ಹಾಯಿಸಿ, ಸ್ನಾಯುಗಳು ಸ್ಪಂದಿಸುತ್ತಿವೆಯೇ ಎಂದು ಆಗಾಗ ಪರೀಕ್ಷಿಸಲಾಗುತ್ತದೆ. ಸ್ಪಂದನ ಕುಗ್ಗಿದರೆ ವೈದ್ಯರು ಕೈ ತಡೆಯುತ್ತಾರೆ.

ಆದರೆ ಮೂರ್ಛೆರೋಗದ ಸೆಳೆತವೆಂದರೂ ಮಿದುಳಿನ ಕೋಶಗಳು ಒಟ್ಟಾಗಿ, ಅಂಕೆಯಿಲ್ಲದೆ ವಿದ್ಯುತ್ ಹೊಮ್ಮಿಸುವುದೇ ತಾನೆ? ಹೊರಗಿನಿಂದ ಹಾಯಿಸಿದ ವಿದ್ಯುತ್ ಅದಕ್ಕೆ ಕಿಡಿಯಾಗಬಲ್ಲದೇ? ಆಗಬಲ್ಲದು. ಎಷ್ಟರಮಟ್ಟಿಗೆ ಎಂಬುದು ವಿಧಾನವನ್ನು ಅವಲಂಬಿಸಿದೆ.

ನೆತ್ತಿಯ ಚರ್ಮದ ಮೂಲಕ ವಿದ್ಯುತ್ ನೀಡುವ ವಿಧಾನದಲ್ಲಿ ಅಪಾಯ ತೀರಾ ಕಡಿಮೆ. ಡಿ.ಬಿ. ಮ್ಯಾಕ್‌ಡೊನಾಲ್ಡ್ 2002ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 15,000ಕ್ಕೂ ಹೆಚ್ಚು ಪ್ರಕರಣಗಳ ಪೈಕಿ ಸೆಳೆತ ಕಂಡದ್ದು 5ರಲ್ಲಿ ಮಾತ್ರ. ನಾಲಿಗೆ, ತುಟಿ ಕಚ್ಚಿ ಗಾಯವಾದವೇ 29! ದವಡೆಯ ಸ್ನಾಯು ಬಿಗಿಯುವುದು ಇದಕ್ಕೆ ಕಾರಣ. ಹಲ್ಲುಗಳ ನಡುವೆ ಮೆತ್ತೆ ಇರಿಸುವುದು ಈ ಕಾರಣಕ್ಕಾಗಿಯೇ.

ತೆರೆದ ಮಿದುಳಿಗೆ ನೇರವಾಗಿ ವಿದ್ಯುತ್ ತಾಗಿಸುವಾಗ ಸ್ಥಿತಿ ಬೇರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ರೂಢಿಗೆ ತಂದ ಕ್ರಮದಲ್ಲಿ, ಸೆಕೆಂಡಿಗೆ 50-60 ಮಿಡಿತಗಳನ್ನು ಕೆಲವು ಸೆಕೆಂಡುಗಳ ಕಾಲ ಒಂದೇ ಜಾಗಕ್ಕೆ ಕೊಡಲಾಗುತ್ತದೆ. ಮಾತಿನ ಕೇಂದ್ರ ಗುರುತಿಸಲು ಇದು ಇಂದಿಗೂ ಬೇಕು. ಆದರೆ ಸೆಳೆತದ ಭಯವೂ ಇದರಲ್ಲೇ ಹೆಚ್ಚು. ತಾನಿಗುಚಿ ಮತ್ತು ಸಂಗಡಿಗರು 1993ರಲ್ಲಿ ವಿವರಿಸಿದ ಇನ್ನೊಂದು ಕ್ರಮದಲ್ಲಿ ಐದಾರು ಮಿಡಿತಗಳು ಕಣ್ಣೆವೆಯಿಕ್ಕುವುದರೊಳಗೆ ಮುಗಿಯುತ್ತವೆ. ಕೈಕಾಲುಗಳ ಚಲನೆ ಪರೀಕ್ಷಿಸಲು ಇಷ್ಟು ಸಾಕು; ಸೆಳೆತವೂ ವಿರಳ.

ರೋಗಿಯನ್ನು ಎಚ್ಚರವಾಗಿಟ್ಟು ಮಾತನಾಡಿಸುತ್ತಾ ನಡೆಸುವ ಶಸ್ತ್ರಚಿಕಿತ್ಸೆಯಲ್ಲಿ ಸೆಳೆತ ಬಂದರೆ ತೊಂದರೆ ಗಂಭೀರ. ತಲೆಯನ್ನು ಹಿಡಿಕೆಯಲ್ಲಿ ಬಿಗಿದಿರುತ್ತಾರೆ, ಗಂಟಲಲ್ಲಿ ಉಸಿರಿನ ಕೊಳವೆಯೂ ಇರದಿರಬಹುದು. ಇಲ್ಲಿ ನೆರವಿಗೆ ಬರುವುದು ಯಾವ ದುಬಾರಿ ಯಂತ್ರವೂ ಅಲ್ಲ, ತಣ್ಣಗಿನ ರಿಂಗರ್ ಲ್ಯಾಕ್ಟೇಟ್ ದ್ರಾವಣ! ಇದನ್ನು ಮಿದುಳಿನ ಮೇಲೆ ಸುರಿದಾಗ ಸೆಳೆತ ಬೇಗ ಶಮನವಾಗುವುದನ್ನು ಸಾರ್ಟೋರಿಯಸ್ ಮತ್ತು ಬರ್ಗರ್ 1998ರಲ್ಲಿ ವರದಿ ಮಾಡಿದರು. ನಿಲ್ಲದಿದ್ದರೆ ಅರಿವಳಿಕೆ ತಜ್ಞರು ಪ್ರೊಪೊಫಾಲ್ ನೀಡುತ್ತಾರೆ. ಆಗ ರೋಗಿ ನಿದ್ರೆಗೆ ಜಾರುವುದರಿಂದ ಮಾತಿನ ಪರೀಕ್ಷೆ ಅಷ್ಟಕ್ಕೇ ನಿಲ್ಲಬಹುದು.

ಹಿಂದೆ ಸೆಳೆತ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸುವುದು ಅಗತ್ಯ. ಹಾಗೆಂದು ಅಂಥವರಿಗೆ ಈ ಪರೀಕ್ಷೆ ನಿಷಿದ್ಧವೇನಲ್ಲ. ಶಸ್ತ್ರಚಿಕಿತ್ಸೆಯ ದಿನ ಬರಿ ಹೊಟ್ಟೆಯಲ್ಲಿರಬೇಕೆಂದು ಸೆಳೆತದ ಮಾತ್ರೆಯನ್ನು ತಾವಾಗಿಯೇ ಬಿಡದೆ, ಅದನ್ನೂ ವೈದ್ಯರಲ್ಲಿ ಕೇಳಿಕೊಳ್ಳಬೇಕು.