ಬದಲಾಗಲೆಂದೇ ಅಂಟಿಸಿದ ಚರ್ಮ

ಹಳೆಯ ಬರೆಯುವ ಮೇಜಿಗೆ ಹೊದಿಸಿದ ಚರ್ಮ ಬಿರಿದು ಹುಡಿ ಉದುರತೊಡಗಿದರೆ ಅದನ್ನು ಇಟ್ಟುಕೊಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಅಜ್ಜನ ಕಾಲದ್ದು, ಮುಟ್ಟಬಾರದು ಎಂದು ಮೇಲೊಂದು ಗಾಜು ಹೇರುತ್ತಾರೆ. ಇಲ್ಲವೇ ಬಡಿಗೇರನನ್ನು ಕರೆಸಿ, ಚರ್ಮ ಕೀಳಿಸಿ, ರೆಕ್ಸಿನ್ನೋ ಸನ್‌ಮೈಕಾವೋ ಬಡಿಸುತ್ತಾರೆ. ಮೊದಲನೆಯದು ಭಕ್ತಿ, ಎರಡನೆಯದು ವ್ಯವಹಾರ. ಮೇಜು ಮಾಡಿದವನ ಲೆಕ್ಕಾಚಾರ ಏನಿತ್ತೆಂದು ಇಬ್ಬರೂ ಕೇಳಿಕೊಂಡಂತಿಲ್ಲ. ಆ ಚರ್ಮ ಸವೆಯಲೆಂದೇ ಇದ್ದದ್ದು, ಸವೆದಾಗ ಬದಲಾಗಲೆಂದೇ ಅಂಟಿಸಿದ್ದು. ಅದನ್ನು ಮತ್ತೆ ಚರ್ಮದಿಂದ, ಮತ್ತೆ ಹಿಟ್ಟಿನ ಅಂಟಿನಿಂದ ಬದಲಿಸಿದರೆ ಮೇಜಿನ ಹಳೆತನಕ್ಕೆ ಯಾವ ಭಂಗವೂ ಬರುವುದಿಲ್ಲ ಎಂಬುದೇ ಈ ಬರಹದ ವಾದ.

ಗದಗ ಸೀಮೆಗೆ ಈ ಮಾತು ಸಲ್ಲುವುದು ಅದು ಲೆಕ್ಕ ಬರೆದ ಸೀಮೆ ಎಂಬ ಕಾರಣಕ್ಕೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ಅದನ್ನು ಕರೆಯುವುದು ರೂಢಿ. ಅದಕ್ಕೆ ಆಧಾರವಾದ 1904ರ ಕಾಯ್ದೆ ಹಳ್ಳಿಯ ಸಂಘಗಳ ಮೇಲೆ ಅಪರಿಮಿತ ಹೊಣೆ ಹೊರಿಸಿತ್ತು. ಒಬ್ಬನ ಸಾಲ ಮುಳುಗಿದರೆ ಉಳಿದವರು ತುಂಬಿಕೊಡಬೇಕು. ಇಂಥ ಏರ್ಪಾಡು ನಿಲ್ಲುವುದು ಬಾಯಿಮಾತಿನ ಮೇಲಲ್ಲ. ಕಿರ್ದಿ, ಖಾತೆ, ಠರಾವು ಪುಸ್ತಕ ಎಲ್ಲವೂ ಬೇಕು, ಬರೆಯುವವನಿಗೊಂದು ಜಾಗವೂ ಬೇಕು. ಹಳ್ಳಿಯ ಸಂಘಕ್ಕೆ ಬಹುಮಟ್ಟಿಗೆ ಬರಿಯ ಸಾಗವಾನಿ ಹಲಗೆಯೇ ಗತಿ. ಚರ್ಮ ಹೊದಿಸಿದ್ದು ಸಾಹೇಬರ ಕಚೇರಿಗೆ, ವಕೀಲರ ಮನೆಗೆ, ದೊಡ್ಡ ಪೇಢಿಗೆ ಸಂದ ಮರ್ಯಾದೆ. ಆದರೆ ಅದು ಬರೀ ಮರ್ಯಾದೆಯಷ್ಟೇ ಆಗಿರಲಿಲ್ಲ. ಉಕ್ಕಿನ ನಿಬ್ಬಿನ ಕಾಲದಲ್ಲಿ ಗಟ್ಟಿ ಮರದ ಮೇಲೆ ಒಂಟಿ ಹಾಳೆ ಇಟ್ಟು ಬರೆದರೆ ನಿಬ್ಬು ಕಾಗದವನ್ನು ಗೀರುತ್ತದೆ, ಮಸಿ ಹರಡುತ್ತದೆ. ಚರ್ಮದಲ್ಲಿ ಕೂದಲೆಳೆಯಷ್ಟು ಒತ್ತು ತಗ್ಗುವ ಗುಣವಿದೆ, ಕೈಗೆ ತಣ್ಣಗಾಗದು, ಬೆಳಕನ್ನು ಕಣ್ಣಿಗೆ ಹೊಡೆಯುವಂತೆ ಮರಳಿಸದು. ಅದು ಬರಹದ ಸಲಕರಣೆಯೇ.

ಬದಲಾಗಲೆಂದೇ ಅಂಟಿಸಿದ್ದು ಎನ್ನುವುದಕ್ಕೆ ಪುರಾವೆ ಮೇಜಿನಲ್ಲೇ ಇದೆ. ಅಂಥ ಮೇಜಿನ ಅಂಚಿಗೆ ಸುತ್ತಲೂ ಚೆನ್ನಾದ ಮರದ ಪಟ್ಟಿ ಇರುತ್ತದೆ. ನಡುವಿನ ಹಾಸು ಚರ್ಮದ ದಪ್ಪದಷ್ಟೇ, ಅಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನಷ್ಟು, ಕೆಳಗಿಳಿದಿರುತ್ತದೆ. ಚರ್ಮ ಕೂತ ಮೇಲೆ ಬೆರಳಾಡಿಸಿದರೆ ಮರ ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ತಿಳಿಯಬಾರದು. ಆ ನಡುವಿನ ಹಾಸು ಅನೇಕ ಮೇಜುಗಳಲ್ಲಿ ಸಾಧಾರಣ ಮರದ್ದು, ಹತ್ತರಿ ಹೊಡೆದ ಗುರುತೂ ಉಳಿದಿರುತ್ತದೆ. ಶಾಶ್ವತವಾಗಿ ಕಾಣಬೇಕಾದ ಕಡೆ ಬಡಿಗ ಕೈಚಳಕ ತೋರಿದ್ದಾನೆ, ಬಂದುಹೋಗುವ ಚರ್ಮದ ಅಡಿಗೆ ತಗ್ಗು ಬಿಟ್ಟು ಸುಮ್ಮನಾಗಿದ್ದಾನೆ. ಎರಡನೆಯ ಪುರಾವೆ ಅಂಟು. ಮರಕ್ಕೆ ಮರ ಜೋಡಿಸಲು ಅವನ ಬಳಿ ಬಿಸಿ ವಜ್ರ, ಅಂದರೆ ತೊಗಲು-ಮೂಳೆ ಕುದಿಸಿದ ಅಂಟು, ಇತ್ತು, ಅದು ಬಲವಾದದ್ದು. ಚರ್ಮಕ್ಕೆ ಮಾತ್ರ ಅವನು ಬಳಸಿದ್ದು ಗೋದಿಹಿಟ್ಟನ್ನು ನೀರಲ್ಲಿ ಕುದಿಸಿದ ಅಂಟು. ಬಲವಾದದ್ದು ಕೈಯಲ್ಲಿದ್ದೂ ಮೆತ್ತನೆಯದನ್ನು ಆರಿಸಿದವನಿಗೆ ಕಾರಣ ಇದ್ದೇ ಇರುತ್ತದೆ.

ಆ ಕಾರಣ ಕೆಲಸದ ಹೊತ್ತಿಗೆ ಕಾಣುತ್ತದೆ. ಹಿಟ್ಟಿನ ಅಂಟು ತಟ್ಟನೆ ಹಿಡಿಯುವುದಿಲ್ಲ. ಹಾಸಿನ ಮೇಲೆ ತೆಳ್ಳಗೆ, ಗಂಟಿಲ್ಲದಂತೆ ಬಳಿದು, ಸುತ್ತ ಒಂದೆರಡು ಬೆರಳು ಹೆಚ್ಚಿಗೆ ಕತ್ತರಿಸಿದ ಚರ್ಮವನ್ನು ಇಳಿಬಿಟ್ಟರೆ ಅದು ಇನ್ನೂ ಜಾರುತ್ತದೆ. ನೆಟ್ಟಗಿಲ್ಲದಿದ್ದರೆ ಎತ್ತಿ ಮತ್ತೆ ಇಡಬಹುದು. ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಗಾಳಿ ಹೊರಡಿಸಬೇಕು. ಇಲ್ಲಿ ಹೊಸಬರು ಮಾಡುವ ತಪ್ಪು ಎಳೆಯುವುದು. ತೇವದ ಚರ್ಮ ಹೇಳಿದಂತೆ ಹಿಗ್ಗುತ್ತದೆ, ಒಣಗುವಾಗ ಹೇಳದೆ ಕುಗ್ಗುತ್ತದೆ. ಮಾರನೆಯ ದಿನ ಅಂಚಿನಲ್ಲಿ ಮರದ ಬಿಳಿ ಗೆರೆ ಇಣುಕುತ್ತದೆ. ಎಳೆಯದೆ, ಮೂಳೆಯ ಪಟ್ಟಿಯಿಂದ ಅಂಚಿನ ಮೂಲೆಯನ್ನು ಒತ್ತಿ ಗೆರೆ ಮೂಡಿಸಿ, ಆ ಗೆರೆಯಗುಂಟ ಹರಿತ ಚಾಕುವಿನಿಂದ ಒಂದೇ ಓಟಕ್ಕೆ ಕೊಯ್ಯಬೇಕು. ಅದಕ್ಕೆ ಮೊದಲಿನ ಕೆಲಸ, ಅಂದರೆ ಹಳೆಯ ಚರ್ಮ ಎಬ್ಬಿಸುವುದು, ಬೇಸರದ್ದು. ಒದ್ದೆ ಬಟ್ಟೆ ಹಾಕಿ ಅಂಟು ಮೆತ್ತಗಾಗುವ ತನಕ ಕಾಯುವುದು, ಮರದ ಚಪ್ಪಟೆ ಕಡ್ಡಿಯಿಂದ ಕೆರೆಯುವುದು. ನೀರು ಹೆಚ್ಚಾದರೆ ಅಂಚಿನ ಪಟ್ಟಿಯ ಅಂಟೂ ಬಿಡುತ್ತದೆ. ಆದರೆ ನೂರು ವರ್ಷದ ಅಂಟು ಬರೀ ನೀರಿಗೆ ಬಿಟ್ಟುಕೊಡುತ್ತದೆ ಎಂಬುದನ್ನು ಗಮನಿಸಿ. ಫೆವಿಕಾಲ್ ಹಾಕಿದ್ದರೆ ಚರ್ಮದ ಜತೆ ಮರದ ಸಿಬಿರೂ ಎದ್ದು ಬರುತ್ತಿತ್ತು. ಅದು ಕೆಟ್ಟ ಅಂಟೆಂದಲ್ಲ, ಈ ಕೆಲಸಕ್ಕೆ ಅತಿ ಒಳ್ಳೆಯ ಅಂಟು. ಇನ್ನು ಚಿನ್ನದ ಅಂಚುಗೆರೆ: ಮೊಟ್ಟೆಯ ಬಿಳಿಲೋಳೆ ಸವರಿ, ಚಿನ್ನದ ರೇಕು ಇಟ್ಟು, ಕಾಯಿಸಿದ ಹಿತ್ತಾಳೆಯ ಚಿತ್ತಾರದ ಗಾಲಿ ಉರುಳಿಸುವುದು. ಪುಸ್ತಕದ ರಟ್ಟಿಗೆ ಬಂಗಾರದ ಅಕ್ಷರ ಒತ್ತುವ ಕೈಚಳಕವೇ ಇದು.

ಯಾವ ಚರ್ಮ ಎನ್ನುವುದು ತಾಪತ್ರಯದ ಪ್ರಶ್ನೆ. ಕಣಗಿನಹಾಳದ ಸಂಘ ಹುಟ್ಟಿದ 1905ರಲ್ಲೇ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಪುಸ್ತಕದ ಚರ್ಮ ಏಕೆ ಹುಡಿಯಾಗುತ್ತದೆಂದು ವಿಚಾರಿಸಿದ ಸಮಿತಿಯ ವರದಿಯನ್ನು ಪುಸ್ತಕವಾಗಿ ತಂದಿತು. ಅನಿಲ ದೀಪದ ಹೊಗೆ, ಬಣ್ಣ ಹಾಕುವಾಗ ಬಳಸಿದ ಗಂಧಕಾಮ್ಲ, ಬಿಸಿಲು ಇವುಗಳ ಜತೆಗೆ ಆ ಸಮಿತಿ ದೂರಿದ್ದು ಭಾರತದಿಂದ ಹೋಗುತ್ತಿದ್ದ, ಆವರಿಕೆ ತೊಗಟೆಯಲ್ಲಿ ಹದ ಮಾಡಿದ ಕುರಿ-ಮೇಕೆ ಚರ್ಮವನ್ನು. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವೇ ಆವರಿಕೆ. ಹಾಗಾದರೆ ನಮ್ಮ ಚರ್ಮವೇ ಬೇಡವೇ? ಹಾಗೇನಿಲ್ಲ. ಆವರಿಕೆಯ ಒಗರು ಒಂದು ಜಾತಿ, ಅಳಲೆಕಾಯಿಯ ಒಗರು ಇನ್ನೊಂದು. ಬಾಳಿಕೆಯಲ್ಲಿ ಅಳಲೆಯ ಜಾತಿಯೇ ಮೇಲೆಂದು ಅಂದಿನ ಪರೀಕ್ಷೆಗಳು ತೋರಿಸಿದವು. ಅಳಲೆಗೆ ನಮ್ಮಲ್ಲಿ ಬರವಿಲ್ಲ. ಕೊಲ್ಹಾಪುರಿ ಚಪ್ಪಲಿಗೆ ಚರ್ಮ ಹದ ಮಾಡುವವರು ಇಂದಿಗೂ ಜಾಲಿ ತೊಗಟೆಯ ಜತೆ ಅಳಲೆಕಾಯಿ ಬಳಸುತ್ತಾರೆ. ಇದೇ ಅಳಲೆಯ ರಸಕ್ಕೆ ಅನ್ನಭೇದಿ ಬೆರೆಸಿದರೆ ಕಪ್ಪು ಮಸಿಯಾಗುತ್ತದೆ, ಹಿಂದಿನವರು ಅದರಲ್ಲೂ ಬರೆಯುತ್ತಿದ್ದರು. ಆದ್ದರಿಂದಲೇ ಒದ್ದೆ ಚರ್ಮಕ್ಕೆ ಕಬ್ಬಿಣದ ಪಾತ್ರೆಯಾಗಲಿ, ತುಕ್ಕು ಹಿಡಿದ ಚಾಕುವಾಗಲಿ ತಗುಲಬಾರದು. ತಗುಲಿದಲ್ಲಿ ಮಸಿಯ ಕಲೆಯೇ ಹುಟ್ಟುತ್ತದೆ, ತೊಳೆದರೆ ಹೋಗದು.

ಹಳೆಯದರ ಬೆಲೆ ಇರುವುದೇ ಅದರ ಮೂಲ ಸ್ಥಿತಿಯಲ್ಲಿ ಎಂಬ ಆಕ್ಷೇಪ ಹಗುರದ್ದಲ್ಲ. ಮೂಲ ಚರ್ಮ ಗಟ್ಟಿಯಿದ್ದು, ಮಸಿ ಚೆಲ್ಲಿದ ಕಲೆ, ಮೊಳಕೈ ಊರಿ ನುಣುಪಾದ ಜಾಗ ಮಾತ್ರ ಇದ್ದರೆ ಅದನ್ನು ಕೀಳುವುದು ಅಪರಾಧ; ಮೇಣ ಸವರಿ ಬಿಸಿಲಿನಿಂದ ದೂರ ಇಟ್ಟರೆ ಸಾಕು. ಮುಟ್ಟಿದರೆ ಕೆಂಪು ಹುಡಿ ಕೈಗೆ ಹತ್ತುವ ಚರ್ಮದ ಮಾತೇ ಬೇರೆ, ಅದನ್ನು ಮರಳಿ ಚರ್ಮ ಮಾಡುವ ಎಣ್ಣೆ ಯಾವುದೂ ಇಲ್ಲ. ಆಗಲೂ ಹಳೆಯದರ ಒಂದು ತುಂಡನ್ನು ಲಕೋಟೆಗೆ ಹಾಕಿ ಡ್ರಾವರಿನಲ್ಲಿ ಇಡುವುದು ಜಾಣತನ. ರೆಕ್ಸಿನ್ ಅಗ್ಗ, ನೋಡಲು ಅದೇ ಎನ್ನುವವರಿಗೆ ಉತ್ತರ ಇಷ್ಟೇ: ಅದು ಲೇಪ ಹಾಕಿದ ಬಟ್ಟೆ, ಲೇಪ ಸಿಪ್ಪೆಯೇಳುವ ದಿನ ಬರುತ್ತದೆ, ಅಷ್ಟರಲ್ಲಿ ಅದರ ಅಂಟು ಮರವನ್ನು ಕೆಡಿಸಿರುತ್ತದೆ. ಚರ್ಮವೇ ಒಲ್ಲೆ ಎನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರು ಹಸಿರು ಬನಾತು ಹಾಕಿಸಲಿ. ಬನಾತಿನ ಮೇಜಿಗೂ ಅಷ್ಟೇ ಹಳೆಯ ವಂಶಾವಳಿ ಇದೆ.

ಮಾಡುವವರು ಎಲ್ಲಿದ್ದಾರೆ ಎಂಬುದು ಕೊನೆಯ ಮತ್ತು ನಿಜವಾದ ಆಕ್ಷೇಪ. ಮೇಜಿಗೆ ಚರ್ಮ ಹೊದಿಸುವವ ಎಂಬ ಹೆಸರಿನ ಕಸುಬುದಾರ ನಮ್ಮಲ್ಲಿ ಕಾಣಸಿಗುವುದು ಕಷ್ಟ. ಆದರೆ ಕಸುಬಿನ ಬಿಡಿಭಾಗಗಳು ಬೇರೆಬೇರೆ ಕೈಗಳಲ್ಲಿ ಜೀವಂತ ಇವೆ. ಚರ್ಮ ಬೆಳಗಾವಿ ಸೀಮೆಯ ಸಮಗಾರರ, ಢೋರರ ಕೈಯಲ್ಲಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ಜಿಲ್ಲೆಗಳ ಜತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ರಟ್ಟು ಕಟ್ಟುವ, ಬಂಗಾರದ ಅಕ್ಷರ ಒತ್ತುವ ವಿದ್ಯೆಗೆ ಮುದ್ರಣಕಾಶಿ ಎನಿಸಿಕೊಂಡ ಗದಗನ್ನು ಬಿಟ್ಟು ಬೇರೆಲ್ಲಿ ಹುಡುಕಬೇಕು? ಹರಳಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಶರಣರೆಂದು ನೆನೆಯುವ ಸೀಮೆ ಇದು. ಅವರ ಕುಲಕಸುಬಿನವರನ್ನು ಚಪ್ಪಲಿ ಹರಿದಾಗ ಮಾತ್ರ ನೆನೆಯುತ್ತದೆ. ಮರದ ಅಂಗಡಿಯವನು ರೆಕ್ಸಿನ್ ಬಡಿಸಲು ಕೇಳುವ ಕೂಲಿಯ ಒಂದು ಪಾಲು ಅತ್ತ ಹೋದರೂ ಆ ಕೈಗಳಿಗೆ ಮಳೆಗಾಲದಲ್ಲಿ, ಚಪ್ಪಲಿ ಬಿಕರಿಯಾಗದ ತಿಂಗಳುಗಳಲ್ಲಿ, ಕೆಲಸವಾದೀತು. ಈ ಬಿಡಿ ಕೈಗಳು ಕೂಡಿ ಸಂಘವನ್ನೂ ಕಟ್ಟಿಕೊಳ್ಳಬಹುದು. 1904ರ ಕಾಯ್ದೆ ಪತ್ತಿನ ಸಂಘಗಳಿಗಷ್ಟೇ ಜಾಗ ಕೊಟ್ಟಿತ್ತು. 1912ರ ಕಾಯ್ದೆ ಕೂಡಿ ದುಡಿಯುವ, ಕೂಡಿ ಮಾರುವ ಸಂಘಗಳಿಗೂ ಬಾಗಿಲು ತೆರೆಯಿತು. ಕಣಗಿನಹಾಳ ಕಲಿಸಿದ ಉಪಾಯ ಒಕ್ಕಲುತನಕ್ಕಷ್ಟೇ ಮೀಸಲೆಂದು ಯಾರೂ ಬರೆದಿಟ್ಟಿಲ್ಲ.

ಹೊತ್ತು ಮಾತ್ರ ಹೆಚ್ಚಿಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು, ಸಾಲದ ಲೆಕ್ಕ ಸಾಲಗಾರನಿಗೆ ಬೇಗ ಸಿಗಲಿ. ಕೀಲಿಮಣೆಗೆ ಚರ್ಮದ ಹಾಸು ಬೇಕಿಲ್ಲ, ತೆಳ್ಳನೆಯ ಕಬ್ಬಿಣದ ಟೇಬಲ್ಲೇ ಸಾಕು. ಸಂಘವಿರಲಿ, ಕೋರ್ಟಿರಲಿ, ಪೇಢಿಯಿರಲಿ, ಹಳೆಯ ಮೇಜುಗಳು ಮೊದಲು ಪಡಸಾಲೆಗೆ, ಆಮೇಲೆ ಹಿತ್ತಲಿನ ಕೋಣೆಗೆ, ಕೊನೆಗೆ ಹರಾಜಿನ ಪಟ್ಟಿಗೆ ಸರಿಯುತ್ತವೆ. ಹರಾಜು ಹಿಡಿದವನು ಲೆಕ್ಕ ಹಾಕುವುದು ಸಾಗವಾನಿಯ ಘನ ಅಡಿಯನ್ನು; ಚರ್ಮಕ್ಕೆ ಆ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.