ಮೆಕ್ಕೆಜೋಳದ ನಾಡಿನಲ್ಲಿ ನೆನಪು ಉಳಿಸಿಕೊಂಡ ಊರುಗಳು

ಅಮೆರಿಕ ಎಂದ ಕೂಡಲೇ ನಿಮಗೆ ನೆನಪಾಗುವುದು ಏನು? ನ್ಯೂಯಾರ್ಕಿನ ಮುಗಿಲೆತ್ತರದ ಕಟ್ಟಡಗಳು, ವಾಷಿಂಗ್ಟನ್ನಿನ ಶ್ವೇತಭವನ, ಟಿ.ವಿ.ಯಲ್ಲಿ ಬರುವ ಯುದ್ಧದ ಸುದ್ದಿ, ಅಲ್ಲವೇ? ಆದರೆ ಆ ದೇಶದ ಕಣಜವೆನಿಸಿದ ನಾಡು ಬೇರೆಯೇ ಇದೆ. ಎರಡೂ ಸಮುದ್ರಗಳಿಂದ ಬಹುದೂರದಲ್ಲಿರುವ ಆ ಬಯಲು ಸೀಮೆಯನ್ನು ಮಿಡ್‌ವೆಸ್ಟ್ ಎಂದು ಕರೆಯುತ್ತಾರೆ. ಅಲ್ಲಿನ ಅಯೋವಾ ರಾಜ್ಯದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳ ಮತ್ತು ಸೋಯಾಬೀನ್ ಹೊಲಗಳು. ಆ ರಾಜ್ಯದ ಪೂರ್ವ ಭಾಗದಲ್ಲಿರುವ ಲಿನ್ ಕೌಂಟಿಯ ಪರಿಚಯ ಮಾಡಿಕೊಳ್ಳೋಣ ಬನ್ನಿ.

ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಒಂದು ಆಡಳಿತ ವಿಭಾಗ. 2020ರ ಜನಗಣತಿಯ ಪ್ರಕಾರ ಲಿನ್ ಕೌಂಟಿಯ ಜನಸಂಖ್ಯೆ ಸುಮಾರು 2 ಲಕ್ಷ 30 ಸಾವಿರ. ಇಷ್ಟು ಜನರ ನಡುವೆ ಅರಬ್ ಮೂಲದವರ ಹಳೆಯ ಮಸೀದಿಯಿದೆ, ಚೆಕ್ಕರ ಕೇರಿಯಿದೆ, ಬೆಟ್ಟದ ಮೇಲಿನ ಕಾಲೇಜು ಊರಿದೆ. ಒಂದೊಂದು ಊರಿಗೂ ಒಂದೊಂದು ಸ್ವಭಾವ.

ನದಿ ದಡದ ನಗರ

ಕೌಂಟಿಯ ಕೇಂದ್ರ ಸೀಡರ್ ರ‍್ಯಾಪಿಡ್ಸ್. ಸೀಡರ್ ನದಿ ಊರಿನ ನಡುವೆಯೇ ಹರಿಯುತ್ತದೆ. ನೀವು ಅಂಗಡಿಯಲ್ಲಿ ಕ್ವೇಕರ್ ಓಟ್ಸ್ ಪೊಟ್ಟಣ ನೋಡಿರಬಹುದು. ಆ ಕಂಪೆನಿಯ ಬೃಹತ್ ಗಿರಣಿ ಇಲ್ಲಿದೆ. ಗಾಳಿ ಬೀಸಿದ ಕಡೆಗೆಲ್ಲ ಧಾನ್ಯ ಹುರಿದ ಪರಿಮಳ ಹರಡುತ್ತದೆ. ಆರ್ಥರ್ ಕಾಲಿನ್ಸ್ ಎಂಬವರು 1933ರಲ್ಲಿ ರೇಡಿಯೋ ಕಂಪೆನಿ ಆರಂಭಿಸಿದ್ದೂ ಇಲ್ಲಿಯೇ. 1969ರಲ್ಲಿ ಚಂದ್ರನ ಮೇಲಿಂದ ನೀಲ್ ಆರ್ಮ್‌ಸ್ಟ್ರಾಂಗ್ ಆಡಿದ ಮಾತು ಭೂಮಿಗೆ ತಲುಪಿದ್ದು ಕಾಲಿನ್ಸ್ ಉಪಕರಣಗಳ ಮೂಲಕ. ಅದರ ಇಂದಿನ ರೂಪವಾದ ಕಾಲಿನ್ಸ್ ಏರೋಸ್ಪೇಸ್ ಕಂಪೆನಿಯ ಎಂಜಿನಿಯರಿಂಗ್ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೂ ಇದೆ.

ಕೈಯಲ್ಲಿ ಕವೆಗೋಲು ಹಿಡಿದ ರೈತ, ಪಕ್ಕದಲ್ಲಿ ಗಂಭೀರ ಮುಖದ ಹೆಂಗಸು ಇರುವ ‘ಅಮೆರಿಕನ್ ಗೋಥಿಕ್’ ಚಿತ್ರ ಜಗತ್ತಿಗೆಲ್ಲ ಪರಿಚಿತ. ಗ್ರಾಂಟ್ ವುಡ್ ಅದನ್ನು 1930ರಲ್ಲಿ ಬಿಡಿಸಿದ್ದು ಇದೇ ಊರಿನ ತನ್ನ ಪುಟ್ಟ ಅಟ್ಟದ ಮನೆಯಲ್ಲಿ. ಚಿತ್ರದ ಹೆಂಗಸಿಗೆ ಮಾದರಿಯಾದವಳು ಅವನ ತಂಗಿ, ರೈತನಿಗೆ ಮಾದರಿಯಾದವರು ಊರಿನ ಹಲ್ಲಿನ ವೈದ್ಯರು. ಆ ಅಟ್ಟವನ್ನು ಇಂದಿಗೂ ಜೋಪಾನವಾಗಿ ಕಾಪಾಡಿಕೊಂಡಿದ್ದಾರೆ.

ಬೆನ್ನ ಮೇಲೆ ಗಂಟು ಹೊತ್ತು ಬಂದವರು

ಈ ಊರಿಗೆ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಿಂದ ಇಂದಿನ ಲೆಬನಾನ್ ಮತ್ತು ಸಿರಿಯಾ ಕಡೆಯ ಅರಬರು ಬರತೊಡಗಿದರು. ಹೆಚ್ಚಿನವರು ಕೈಯಲ್ಲಿ ಕಾಸಿಲ್ಲದ ಬಡವರು. ಬಟ್ಟೆ, ಸೂಜಿ, ದಾರದ ಗಂಟನ್ನು ಹೊತ್ತು ಹೊಲಮನೆಯಿಂದ ಹೊಲಮನೆಗೆ ನಡೆದು ಮಾರಿದರು. ಸ್ವಲ್ಪ ಹಣ ಕೂಡಿದ ಮೇಲೆ ಕಿರಾಣಿ ಅಂಗಡಿ ಇಟ್ಟರು, ಕುಟುಂಬವನ್ನು ಕರೆಸಿಕೊಂಡರು.

ಮಕ್ಕಳು ದೊಡ್ಡವರಾಗುತ್ತಿದ್ದಂತೆ ಚಿಂತೆ ಹುಟ್ಟಿತು. ಇವರು ನಮಾಝ್ ಕಲಿಯುವುದು ಎಲ್ಲಿ? ಈದ್ ದಿನ ಎಲ್ಲರೂ ಸೇರುವುದು ಎಲ್ಲಿ? ಅದು ಮಹಾ ಆರ್ಥಿಕ ಕುಸಿತದ ಕಾಲ. ಬ್ಯಾಂಕುಗಳು ಮುಚ್ಚಿದ್ದವು, ಕೆಲಸವಿಲ್ಲದೆ ಜನ ಅಲೆಯುತ್ತಿದ್ದರು. ಅಂತಹ ಕಾಲದಲ್ಲಿ ಈ ಸಣ್ಣ ವ್ಯಾಪಾರಿಗಳು ಹಣ ಒಟ್ಟುಗೂಡಿಸಿ 1934ರಲ್ಲಿ ಮಸೀದಿ ಕಟ್ಟಿದರು. ಅದು ಬಿಳಿ ಬಣ್ಣ ಬಳಿದ ಮರದ ಪುಟ್ಟ ಕಟ್ಟಡ. ಮೇಲೆ ಒಂದು ಗುಮ್ಮಟ ಇಲ್ಲದಿದ್ದರೆ ಹಳ್ಳಿಯ ಶಾಲೆ ಎಂದೇ ಭಾವಿಸಬೇಕು. ಮಸೀದಿಯಾಗಿಯೇ ಕಟ್ಟಿಸಿ ಇಂದಿಗೂ ಉಳಿದಿರುವ ಅಮೆರಿಕದ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದು. ಹಾಗಾಗಿ ಇದನ್ನು ‘ಅಮೆರಿಕದ ತಾಯಿ ಮಸೀದಿ’ ಎನ್ನುತ್ತಾರೆ.

ಇದೇ ಊರಿನ ಅಬ್ದುಲ್ಲಾ ಇಗ್ರಾಮ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಾಗಿದ್ದರು. ಆಗ ಸೈನಿಕರ ಕೊರಳ ಬಿಲ್ಲೆಯಲ್ಲಿ ಕ್ರೈಸ್ತ, ಯಹೂದಿ ಧರ್ಮಗಳ ಗುರುತಿಗೆ ಅವಕಾಶವಿತ್ತು, ಇಸ್ಲಾಮಿಗೆ ಇರಲಿಲ್ಲ. ಯುದ್ಧದಲ್ಲಿ ಸತ್ತರೆ ಜನಾಝ ನಮಾಝಿನ ಗತಿಯೇನು? ಯುದ್ಧ ಮುಗಿಸಿ ಬಂದ ಅವರು ಸುಮ್ಮನೆ ಕೂರಲಿಲ್ಲ. 1952ರಲ್ಲಿ ಅಮೆರಿಕ, ಕೆನಡಾಗಳ ಮುಸ್ಲಿಮರನ್ನು ಸೀಡರ್ ರ‍್ಯಾಪಿಡ್ಸ್‌ಗೆ ಕರೆಸಿ ಸಮಾವೇಶ ನಡೆಸಿದರು. ಬಿಲ್ಲೆಯ ವಿಷಯದಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೇ ಪತ್ರ ಬರೆದರು.

ಕೈತಪ್ಪಿದ ಮಸೀದಿ

ಜಮಾಅತ್ ಬೆಳೆಯಿತು, ಜಾಗ ಸಾಲದಾಯಿತು. 1971ರಲ್ಲಿ ಹೊಸ ಇಸ್ಲಾಮಿಕ್ ಕೇಂದ್ರ ಸಿದ್ಧವಾದಾಗ ಹಳೆಯ ಕಟ್ಟಡವನ್ನು ಮಾರಿದರು. ಮುಂದೆ ಅದು ಯುವಕರ ಕೇಂದ್ರವಾಯಿತು, ಚರ್ಚ್ ಆಯಿತು, ಕೊನೆಗೆ ಪಾಳುಬಿತ್ತು. ಅಜ್ಜಂದಿರು ಕಷ್ಟದ ದಿನಗಳಲ್ಲಿ ಕಟ್ಟಿದ ಗೋಡೆಗಳು ಹೀಗೆ ಸುಮಾರು ಇಪ್ಪತ್ತು ವರ್ಷ ಪರರ ಕೈಯಲ್ಲಿದ್ದವು. 1990ರಲ್ಲಿ ಅಯೋವಾದ ಇಸ್ಲಾಮಿಕ್ ಕೌನ್ಸಿಲ್ ಅದನ್ನು ಮರಳಿ ಕೊಂಡು ದುರಸ್ತಿ ಮಾಡಿಸಿತು. 1996ರಲ್ಲಿ ಅದು ದೇಶದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ಇದರೊಂದಿಗೆ ಇನ್ನೊಂದು ಊರಿನ ಕಥೆಯನ್ನೂ ನೀವು ತಿಳಿಯಬೇಕು. ನಾರ್ತ್ ಡಕೋಟಾ ರಾಜ್ಯದ ರಾಸ್ ಎಂಬ ಹಳ್ಳಿಯಲ್ಲಿ ಅರಬ್ ರೈತರು 1929ರಲ್ಲಿಯೇ ಮಸೀದಿ ಕಟ್ಟಿದ್ದರು. ಮಕ್ಕಳು ಊರು ಬಿಟ್ಟರು, ಮಸೀದಿ ಬರಿದಾಯಿತು, ಎಪ್ಪತ್ತರ ದಶಕದಲ್ಲಿ ಅದನ್ನು ಕೆಡವಲಾಯಿತು. 2005ರಲ್ಲಿ ಅಲ್ಲಿ ಒಂದು ಚಿಕ್ಕ ಹೊಸ ಕಟ್ಟಡ ಎದ್ದಿತು. ಆದರೆ ಹಳೆಯ ಗೋಡೆಗಳು ಮರಳಿ ಬರಲಿಲ್ಲ.

ಚೆಕ್ಕರ ಕೇರಿ ಮತ್ತು 2008ರ ನೆರೆ

ನದಿಯ ದಡದಲ್ಲಿಯೇ ಚೆಕ್ ವಿಲೇಜ್ ಇದೆ. ಯುರೋಪಿನ ಬೊಹೀಮಿಯಾದಿಂದ ಬಂದ ಚೆಕ್ ಜನರು ಇಲ್ಲಿನ ಮಾಂಸದ ಕಾರ್ಖಾನೆಯಲ್ಲಿ ದುಡಿದು ನೆಲೆ ಕಂಡುಕೊಂಡರು. ಹಣ್ಣಿನ ಪಾಕ ಅಥವಾ ಗಸಗಸೆ ತುಂಬಿದ ‘ಕೊಲಾಚೆ’ ಎಂಬ ಮೆತ್ತನೆಯ ಬನ್ನು ಅವರ ಹಬ್ಬದ ತಿಂಡಿ, ಇಂದು ಇಡೀ ಊರಿನ ತಿಂಡಿ. ಅವರ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು 1995ರಲ್ಲಿ ಅಮೆರಿಕ, ಚೆಕ್ ಗಣರಾಜ್ಯ ಮತ್ತು ಸ್ಲೊವಾಕಿಯಾಗಳ ಅಧ್ಯಕ್ಷರು ಸೇರಿ ಉದ್ಘಾಟಿಸಿದ್ದರು.

2008ರ ಜೂನ್ 13ರಂದು ಸೀಡರ್ ನದಿ 31 ಅಡಿಗೂ ಮೇಲೆ ಉಕ್ಕಿತು. ಐದು ಸಾವಿರಕ್ಕೂ ಹೆಚ್ಚು ಮನೆಗಳಿಗೆ ನೀರು ನುಗ್ಗಿತು. ತಾಯಿ ಮಸೀದಿಯ ನೆಲಮಾಳಿಗೆಯಲ್ಲಿದ್ದ ಹಳೆಯ ದಾಖಲೆ, ಪುಸ್ತಕಗಳು ಹಾಳಾದವು. ಚೆಕ್ ವಸ್ತುಸಂಗ್ರಹಾಲಯವೂ ಮುಳುಗಿತು. ಎರಡೂ ಸಮುದಾಯದವರು ಕೈಚೆಲ್ಲಲಿಲ್ಲ. ಚೆಕ್ಕರು 2011ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ 480 ಅಡಿ ದೂರಕ್ಕೆ ಸರಿಸಿ, 11 ಅಡಿ ಎತ್ತರದಲ್ಲಿ ಕೂರಿಸಿದರು! 2012ರಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು. ಮಸೀದಿಯೂ ದುರಸ್ತಿಯಾಗಿ ಇಂದು ಬಂದವರನ್ನು ಸ್ವಾಗತಿಸುತ್ತಿದೆ. 2020ರ ಆಗಸ್ಟ್ 10ರ ಭೀಕರ ಬಿರುಗಾಳಿ ಊರಿನ ಅರ್ಧಕ್ಕೂ ಹೆಚ್ಚು ಮರಗಳ ನೆರಳನ್ನು ಕಸಿಯಿತು. ಜನ ಮತ್ತೆ ಸಸಿ ನೆಡತೊಡಗಿದರು.

ಹೆಣ್ಣುಮಕ್ಕಳ ಹೆಜ್ಜೆ ಗುರುತು

ಸೋದರಿಯರು ಗಮನಿಸಬೇಕಾದ ಊರು ಮೌಂಟ್ ವೆರ್ನನ್. ಇಲ್ಲಿನ ಕಾರ್ನೆಲ್ ಕಾಲೇಜು 1853ರಲ್ಲಿ ಸ್ಥಾಪನೆಯಾಯಿತು. 1858ರ ಮೊದಲ ಪದವೀಧರರ ತಂಡದಲ್ಲಿಯೇ ಮೇರಿ ಫೆಲೋಸ್ ಎಂಬ ಯುವತಿ ಇದ್ದಳು. 1871ರಲ್ಲಿ ಹ್ಯಾರಿಯೆಟ್ ಕುಕ್ ಎಂಬವರನ್ನು ಗಂಡಸರಷ್ಟೇ ಸಂಬಳ ಕೊಟ್ಟು ಪೂರ್ಣ ಪ್ರಾಧ್ಯಾಪಕಿಯನ್ನಾಗಿ ಮಾಡಿದರು. ಇಡೀ ಅಮೆರಿಕದಲ್ಲಿ ಇದೇ ಮೊದಲು ಎಂದು ಕಾಲೇಜು ಹೆಮ್ಮೆಪಡುತ್ತದೆ. 1978ರಿಂದ ಇಲ್ಲಿ ಒಂದು ಬಾರಿಗೆ ಒಂದೇ ವಿಷಯ ಕಲಿಸುತ್ತಾರೆ. ಅದು ಮುಗಿದ ಮೇಲೆ ಮುಂದಿನದು. ಐದಾರು ವಿಷಯಗಳನ್ನು ಒಟ್ಟಿಗೆ ತಲೆಗೆ ತುಂಬುವ ನಾವು ಶಿಕ್ಷಕರು ಇದನ್ನು ಯೋಚಿಸಬಹುದು.

ಸೀಡರ್ ರ‍್ಯಾಪಿಡ್ಸ್‌ನ ಬ್ರೂಸ್‌ಮೋರ್ ಬಂಗಲೆಯನ್ನು 1886ರ ವೇಳೆಗೆ ಕಟ್ಟಿಸಿದ್ದೂ ಒಬ್ಬ ವಿಧವೆಯೇ. ಕ್ಯಾರೊಲಿನ್ ಸಿಂಕ್ಲೇರ್ ಎಂಬ ಆ ತಾಯಿ ಗಂಡನನ್ನು ಕಳೆದುಕೊಂಡ ಬಳಿಕ ತನ್ನ ಆರು ಮಕ್ಕಳಿಗಾಗಿ ಆ ಮನೆ ಮಾಡಿದಳು. ಇಂದು ಅದು ಸಾರ್ವಜನಿಕರು ಬಂದು ನೋಡಬಹುದಾದ ಸ್ಥಳ.

ಮೌಂಟ್ ವೆರ್ನನ್ ಪಕ್ಕದ ಪುಟ್ಟ ಲಿಸ್ಬನ್ ಎಲೆಕೋಸಿನ ಹುಳಿ ಉಪ್ಪಿನಕಾಯಿಯ ಹೆಸರಲ್ಲಿ ಉತ್ಸವ ನಡೆಸುತ್ತದೆ. 1919ರವರೆಗೆ ಕೌಂಟಿಯ ಕೇಂದ್ರವಾಗಿದ್ದ ಮೇರಿಯನ್ ತನ್ನ ಹಳೆಯ ಚೌಕವನ್ನು ಉಳಿಸಿಕೊಂಡಿದೆ. ನದಿ ದಡದ ಬಂಡೆಗಳನ್ನು ನೋಡಬಯಸುವವರಿಗೆ ಪ್ಯಾಲಿಸೇಡ್ಸ್-ಕೆಪ್ಲರ್ ಉದ್ಯಾನವಿದೆ.

ನಮ್ಮ ಮನೆಯ ಪಾಠ

ಪ್ರಿಯ ಓದುಗರೇ, ಲಿನ್ ಕೌಂಟಿಯಲ್ಲಿ ಹಿಮಾಲಯವಿಲ್ಲ, ತಾಜ್ ಮಹಲ್ ಇಲ್ಲ. ಒಂದು ಮರದ ಮಸೀದಿ, ಒಂದು ಅಟ್ಟ, ಒಂದು ಬನ್ನು, ಒಂದು ಕಾಲೇಜು, ಇಷ್ಟೇ. ದೂರದ ಜನರೂ ಅವುಗಳನ್ನು ನೋಡಲು ಬರುವುದು ಊರಿನವರು ಅವುಗಳನ್ನು ಜತನ ಮಾಡಿದ್ದರಿಂದ. ಮಾರಿದ್ದನ್ನು ಮರಳಿ ಕೊಂಡರು, ಮುಳುಗಿದ್ದನ್ನು ಎತ್ತಿ ನಿಲ್ಲಿಸಿದರು.

ನಿಮ್ಮ ಮೊಹಲ್ಲಾದ ಮಸೀದಿಗೆ ಜಾಗ ಕೊಟ್ಟವರು ಯಾರು? ಮೊದಲ ಮದ್ರಸದಲ್ಲಿ ಕಲಿಸಿದವರು ಯಾರು? ನಿಮ್ಮ ಅಜ್ಜಿ ಯಾವ ಊರಿನಿಂದ ಸೊಸೆಯಾಗಿ ಬಂದರು? ನಿಮ್ಮ ಮಕ್ಕಳಿಗೆ ಇದು ಗೊತ್ತೇ? ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ಕನ್ನು ಮಾತ್ರ ನೆಲಮಾಳಿಗೆಯಲ್ಲಿ ಇಡಬೇಡಿ!