ರಾಶಿ ಮುಗಿಯಲಿ ಎನ್ನಬಾರದ ಸೂಜಿ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಜನಕ್ಕೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹೈದರಾಬಾದಿನ ದವಾಖಾನೆಗೆ ಹೋದರೆ ಅರ್ಧ ಉರ್ದು. ವಯಸ್ಸಾದ ಹೆಂಗಸರಿಗೆ ಅಲ್ಲಿ ಬರೆದುಕೊಡುವ ಔಷಧಕ್ಕೆ ಮಾತ್ರ ಮೂರೂ ಭಾಷೆಯಲ್ಲಿ ಒಂದೇ ಹೆಸರು: ಎಲುಬಿನ ಸೂಜಿ. ಗೊಂದಲ ಹುಟ್ಟುವುದೇ ಅಲ್ಲಿ. ಆ ಹೆಸರಿನಲ್ಲಿ ಓಡಾಡುವ ಔಷಧಗಳು ಮುಖ್ಯವಾಗಿ ಎರಡು. ಒಂದು ಜೊಲೆಡ್ರೋನಿಕ್ ಆಸಿಡ್. ಎಲುಬು ಸವೆದವರಿಗೆ ವರ್ಷಕ್ಕೊಮ್ಮೆ ಸಲೈನಿನಂತೆ ನರಕ್ಕೆ ಏರಿಸುತ್ತಾರೆ. ಇನ್ನೊಂದು 2010ರಲ್ಲಿ ಬಳಕೆಗೆ ಬಂದ ಡೆನೋಸುಮ್ಯಾಬ್. ಆರು ತಿಂಗಳಿಗೊಮ್ಮೆ ತೋಳು, ತೊಡೆ ಇಲ್ಲವೇ ಹೊಟ್ಟೆಯ ಚರ್ಮದಡಿ ಚುಚ್ಚುತ್ತಾರೆ.

ಇದನ್ನು ‘ತಾಕತ್ತಿನ ಸೂಜಿ’ ಎನ್ನುವವರಿದ್ದಾರೆ. ಡೆನೋಸುಮ್ಯಾಬಿನಲ್ಲಿ ಕ್ಯಾಲ್ಸಿಯಂ ಇಲ್ಲ, ಅದು ಮೊಣಕಾಲು ನೋವಿನ ಮದ್ದೂ ಅಲ್ಲ. ಎಲುಬು ಮಣ್ಣಿನ ಗೋಡೆಯ ಹಾಗೆ: ಹಳೆಯದನ್ನು ಕೆದರುವ ಕೋಶಗಳು, ಹೊಸದನ್ನು ಮೆತ್ತುವ ಕೋಶಗಳು ದಿನವೂ ಕೆಲಸದಲ್ಲಿರುತ್ತವೆ. ಮುಟ್ಟು ನಿಂತ ಮೇಲೆ ಕೆದರುವ ಕೈ ಮೇಲಾಗುತ್ತದೆ. ಆ ಕೋಶಗಳು ಬೆಳೆಯಲು ಬೇಕಾದ ಒಂದು ಪ್ರೋಟೀನನ್ನು ಡೆನೋಸುಮ್ಯಾಬ್ ಕಟ್ಟಿಹಾಕುತ್ತದೆ. ಸುಮಾರು 7,800 ಹೆಂಗಸರ ಮೇಲೆ ಮೂರು ವರ್ಷ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆನ್ನೆಲುಬಿನ ಹೊಸ ಮುರಿತ ಶೇ. 68ರಷ್ಟು, ಸೊಂಟದ ಮುರಿತ ಶೇ. 40ರಷ್ಟು ಇಳಿದವು.

‘ಅದು ಕ್ಯಾನ್ಸರ್ ಸೂಜಿಯಂತೆ’ ಎಂಬ ಪಿಸುಮಾತಿಗೂ ಒಂದು ಎಳೆ ನಿಜವಿದೆ. ಸ್ತನದ್ದೋ ಪ್ರಾಸ್ಟೇಟಿನದ್ದೋ ಕ್ಯಾನ್ಸರ್ ಎಲುಬಿಗೆ ಇಳಿದಾಗ ಇದೇ ಔಷಧವನ್ನು 120 ಮಿಲಿಗ್ರಾಂನಂತೆ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಅಲ್ಲಿಯೂ ಅದು ಕಿಮೋ ಅಲ್ಲ. ಎಲುಬು ಮುರಿಯದಂತೆ ಕಾಯುವುದಷ್ಟೇ ಅದರ ಕೆಲಸ. ಎಲುಬು ಸವೆತಕ್ಕೆ ಕೊಡುವುದು 60 ಮಿಲಿಗ್ರಾಂ. ಇದನ್ನು ಬರೆದುಕೊಟ್ಟರು ಅಂದಮಾತ್ರಕ್ಕೆ ಅಜ್ಜಿಗೆ ಮನೆಯವರಿಂದ ಮುಚ್ಚಿಟ್ಟ ರೋಗವಿದೆ ಎಂದಲ್ಲ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಪಾಯದ ತಪ್ಪು ಬೇರೆ: ‘ಆರಾಮದೀನಿ, ಈ ಸಲ ಬ್ಯಾಡ.’ ಮುಂಗಾರು ಬಿತ್ತನೆ ಮುಗಿಸಿ ಜುಲೈಯಲ್ಲಿ ಮೊದಲ ಸೂಜಿ ಆದರೆ ಎರಡನೆಯದು ಬರುವುದು ಜನವರಿಯಲ್ಲಿ. ಆಗ ಕಣದಲ್ಲಿ ತೊಗರಿ ರಾಶಿ, ಮನೆಯಲ್ಲಿ ಸಂಕ್ರಾಂತಿ, ಹೈದರಾಬಾದಿಗೆ ಜೊತೆಗೆ ಹೋಗಲು ಮಗನಿಗೆ ಪುರುಸೊತ್ತಿಲ್ಲ. ರಾಶಿ ಮುಗಿಯಲಿ, ಮದುವೆ ಮುಗಿಯಲಿ ಎನ್ನುತ್ತ ಯುಗಾದಿ ಬರುತ್ತದೆ. ಅಷ್ಟರಲ್ಲಿ ಔಷಧದ ಹಿಡಿತ ಬಿಟ್ಟು, ಕಟ್ಟಿಹಾಕಿದ್ದ ಕೋಶಗಳು ಮೊದಲಿಗಿಂತ ಜೋರಾಗಿ ಎಲುಬು ಕೆದರತೊಡಗಿರುತ್ತವೆ. ಗಳಿಸಿದ ಗಟ್ಟಿತನ ಕರಗುವುದಷ್ಟೇ ಅಲ್ಲ, ಬೆನ್ನೆಲುಬಿನ ಒಂದಕ್ಕಿಂತ ಹೆಚ್ಚು ಮಣಿಗಳು ಕುಸಿಯಬಹುದು. ಕೊನೆಯ ಸೂಜಿಯ ಏಳೇ ತಿಂಗಳಿಗೆ ಹೀಗಾದದ್ದೂ ಉಂಟು. ಬಿದ್ದೇ ಮುರಿಯಬೇಕೆಂದಿಲ್ಲ, ಬಗ್ಗಿ ಕೊಡ ಎತ್ತಿದರೂ ಸಾಕು.

‘ಪಕ್ಕದ ಮನೆಯಾಕೆ ವರ್ಷಗಟ್ಟಲೆ ಬಿಟ್ಟಳು, ಏನೂ ಆಗಲಿಲ್ಲವಲ್ಲ?’ ಆಕೆಗೆ ಕೊಟ್ಟಿದ್ದು ಜೊಲೆಡ್ರೋನಿಕ್ ಆಸಿಡ್ ಇರಬಹುದು. ಅದು ಎಲುಬಿನಲ್ಲೇ ವರ್ಷಗಳ ಕಾಲ ಕೂರುತ್ತದೆ; ಕೆಲವು ವರ್ಷ ಕೊಟ್ಟು ವೈದ್ಯರೇ ಬಿಡುವು ಕೊಡುವುದುಂಟು. ಡೆನೋಸುಮ್ಯಾಬಿಗೆ ಆ ಬಿಡುವಿಲ್ಲ. ನಿಲ್ಲಿಸಲೇಬೇಕಾದರೆ ಅದರ ಜಾಗಕ್ಕೆ ಜೊಲೆಡ್ರೋನಿಕ್ ಆಸಿಡಿನಂಥ ಬೇರೆ ಮದ್ದು ಶುರುಮಾಡಬೇಕು. ಹೆಸರು ಒಂದೇ ಆದರೆ ನಡತೆಯೂ ಒಂದೇ ಎಂದುಕೊಂಡದ್ದೇ ಎಡವಟ್ಟು.

ಸೂಜಿ ಆದ ಮೇಲೆ ಕ್ಯಾಲ್ಸಿಯಂ ಗುಳಿಗೆ ಯಾಕೆ ಎನ್ನುವವರೂ ಇದ್ದಾರೆ. ಎಲುಬು ಕರಗುವುದು ನಿಂತರೆ ರಕ್ತಕ್ಕೆ ಅಲ್ಲಿಂದ ಬರುತ್ತಿದ್ದ ಕ್ಯಾಲ್ಸಿಯಮ್ಮೂ ನಿಲ್ಲುತ್ತದೆ. ಬಾಯಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಕೈಕಾಲು ಸೆಳೆತ ಅದರ ಸುಳಿವು. ಡಯಾಲಿಸಿಸ್ ಮೇಲಿರುವವರಿಗೆ ಇದು ಪ್ರಾಣಕ್ಕೇ ಕುತ್ತಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ‘ಜೋಳದ ರೊಟ್ಟಿ ತಿಂದ ಎಲುಬು’ ಎಂಬ ಹೆಮ್ಮೆ ನನಗೂ ಇದೆ, ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ. ಅಷ್ಟೇ ರಾಗಿಯಲ್ಲಿ 350ರ ಆಸುಪಾಸು, ಎಳ್ಳಿನಲ್ಲಿ ಸಾವಿರದ ಮೇಲೆ. ಭೋಗಿಯ ದಿನ ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳು ವರ್ಷವಿಡೀ ಚಟ್ನಿಪುಡಿಯಾಗಿ ತಾಟಿಗೆ ಬರಲಿ.

ಹಲ್ಲು ಉದುರುತ್ತವೆ ಎಂಬುದು ಉತ್ಪ್ರೇಕ್ಷೆ. ದವಡೆ ಎಲುಬು ಕೊಳೆಯುವ ತೊಂದರೆ ನಿಜ, ಆದರೆ 60 ಮಿಲಿಗ್ರಾಂನವರಲ್ಲಿ ಅಪರೂಪ. ಕ್ಯಾನ್ಸರಿನ ದೊಡ್ಡ ಪ್ರಮಾಣದಲ್ಲಿ ಹೆಚ್ಚು. ಕೀಳಬೇಕಾದ ಹಲ್ಲಿದ್ದರೆ ಸೂಜಿಗೆ ಮೊದಲೇ ಕೀಳಿಸಿ. ಶುರುವಾದ ಮೇಲಾದರೆ ಹಲ್ಲಿನ ಡಾಕ್ಟರಿಗೆ ಸೂಜಿಯ ವಿಷಯ ಹೇಳಿ.

ಇನ್ನು, ಈ ಮದ್ದು ಇರಬೇಕಾದದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ಅದನ್ನು ಬರಿಗೈಯಲ್ಲಿ ಹಿಡಿದು ಬಸ್ಸು ಹತ್ತಬೇಡಿ. ಸೂಜಿ ಆದ ದಿನವೇ ಔಷಧದ ಹೆಸರನ್ನೂ ಮುಂದಿನ ತಾರೀಖನ್ನೂ ಕನ್ನಡದಲ್ಲೋ ತೆಲುಗಿನಲ್ಲೋ ಬರೆಸಿಕೊಂಡು ಬಂದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುಂಡು ಸುತ್ತಿ.